ಪುಡಿ ನಿಂತ ಮೇಲೆ

ಮೊದಲು ಸದ್ದು ಕೇಳಿತು, ಆಮೇಲೆ ಅತ್ತೆ ಬಿದ್ದರು. ಈ ಮಾತನ್ನು ಎಷ್ಟೋ ಜನರಿಗೆ ಹೇಳಿದೆ, ಯಾರೂ ನಂಬಲಿಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ಕರಿಬೇವು ಬಿಡಿಸುತ್ತಾ ನಿಂತಿದ್ದೆ. ಅತ್ತೆ ಹೆಂಚಿನ ಮೇಲಿನ ರೊಟ್ಟಿ ತೆಗೆದುಕೊಂಡು ಬುಟ್ಟಿಯ ಕಡೆ ತಿರುಗಿದರು. ಅಷ್ಟೇ, ತಿರುಗಿದರು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಅವರ ಮುಖದಲ್ಲಿ ನೋವಿಗಿಂತ ಮೊದಲು ಅಚ್ಚರಿ ಕಂಡಿತು, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ. ಆಮೇಲೆ ಬಲಗಾಲು ಕುಸಿದು, ಕಟ್ಟೆಗೆ ಭುಜ ಉಜ್ಜುತ್ತಾ ನೆಲಕ್ಕಿಳಿದರು. ರೊಟ್ಟಿ ಮಾತ್ರ ಕೈಯಲ್ಲೇ ಇತ್ತು.

"ಅತ್ತಿ, ಅಲ್ಲಾಡಬ್ಯಾಡ್ರಿ" ಅಂದೆ. ಶಾಲೆಯಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಪ್ರಥಮ ಚಿಕಿತ್ಸೆಯಲ್ಲಿ ನನಗೆ ಉಳಿದಿದ್ದದ್ದು ಒಂದೇ: ಮುರಿದದ್ದನ್ನು ನೇರ ಮಾಡಲು ಹೋಗಬಾರದು. ಬಲಪಾದ ಹೊರಕ್ಕೆ ಹೊರಳಿಕೊಂಡಿತ್ತು. ಎಡಗಾಲಿಗಿಂತ ಗಿಡ್ಡವಾಗಿಯೂ ಕಾಣುತ್ತಿತ್ತು. ಎರಡು ಕಾಲುಗಳ ನಡುವೆ ದಿಂಬಿಟ್ಟು, ಸೀರೆಯಿಂದ ಸಡಿಲವಾಗಿ ಸುತ್ತಿ, ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಬಾಗಿಲು ಅರ್ಧ ಎಳೆದು ಓಡಿ ಬಂದವರು ತಾಯಿಯನ್ನು ನೋಡುವ ಮೊದಲು ನೆಲ ನೋಡಿದರು.

"ನೆಲ ಒರೆಸಿದ್ದೇನು? ನೀರಿತ್ತಾ?"

"ಇಲ್ರಿ. ಒಣಗಿತ್ತು."

ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು. ಓಣಿಯವರು ಕೇಳಿದರು, ಆಂಬುಲೆನ್ಸಿನವರು ಕೇಳಿದರು. ಸೊಸೆ ನೆಲ ಒರೆಸುವವಳು, ಅತ್ತೆ ಬಿದ್ದಿದ್ದಾರೆ, ನಡುವೆ ನೀರು ಇರಲೇಬೇಕು. ಕೇಳಿಕೇಳಿ ನನಗೂ ಅನುಮಾನ ಹತ್ತಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರೆ, ಒಣಗಿದ್ದ ಆ ನೆಲದ ಮೇಲೆ ಒಂದು ತೇವದ ಕಲೆ ಕಾಣತೊಡಗಿತು.

ಹೊಸಪೇಟೆಯ ಆ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕತ್ತಿನ ಜಾಗ ಮುರಿದಿತ್ತು. ಅದು ನನಗೂ ಕಂಡಿತು. ಅವರು ತೋರಿಸಿದ್ದು ಬೇರೆ. "ಇಲ್ಲಿ ಬೆಳ್ಳಗೆ ಕಾಣಬೇಕು. ನೋಡಿ, ಸೊಳ್ಳೆಪರದೆ ಹಾಗಿದೆ. ಇವರ ವಯಸ್ಸೆಷ್ಟಂದ್ರಿ?"

"ಅರವತ್ತು ದಾಟ್ಯಾವ್ರಿ, ಈಗೀಗ."

"ಮೂಳೆಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ ನೋಡ್ರಿ. ಬಿದ್ದು ಮುರಿದಿಲ್ಲ ಇದು. ಮುರಿದು ಬಿದ್ದಾರೆ."

ನೆಲ ಒಣಗಿತ್ತೆಂದು ಒಬ್ಬರಾದರೂ ಒಪ್ಪಿದರು. ಆದರೆ ಸಮಾಧಾನವಾಗಲಿಲ್ಲ.

ಯಾಕೆಂದರೆ ಅತ್ತೆ ಗಟ್ಟಿಯಾಗಿದ್ದರು. ಹಿಂದೆ ಹಾಗಿರಲಿಲ್ಲ. ಬೆಳಗ್ಗೆ ಎದ್ದರೆ ಬೆರಳಿನ ಗಂಟುಗಳು ಊದಿ, ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಸಂಧಿವಾತ ಅಂದಿದ್ದರು, ಗುಳಿಗೆ ಬರೆದಿದ್ದರು, ಹೊಟ್ಟೆ ಉರಿಯುತ್ತದೆಂದು ಅತ್ತೆ ಬಿಟ್ಟರು. ಆಮೇಲೊಮ್ಮೆ ಕಂಪ್ಲಿಯಿಂದ ಅವರ ತಂಗಿ ಬಂದು, "ಅಕ್ಕಾ, ಅಮಾವಾಸಿಗೆ ಸಂಡೂರು ಕಡೆ ದೇವರಿಗೆ ಹೋಗೂಣು ಬಾ. ಜೀಪ್ ಮಾಡೀವಿ, ಹೆಣಮಕ್ಕಳು ಅಷ್ಟ" ಎಂದು ಕರೆದೊಯ್ದರು. ಅಲ್ಲಿಂದ ಶುರು. ಪ್ರತಿ ಅಮಾವಾಸ್ಯೆ ಜೀಪು ಬರುತ್ತಿತ್ತು. ಬರುವಾಗ ಅತ್ತೆ ಬೂದು ಬಣ್ಣದ ಪ್ರಸಾದ ತರುತ್ತಿದ್ದರು. ಹೊತ್ತು ಹುಟ್ಟುವ ಮೊದಲು ಸ್ನಾನ ಮಾಡಿ, ದೇವರ ಮನೆಯ ಬಾಗಿಲು ಮುಂದಕ್ಕೆ ಎಳೆದು, ಜೇನಿನಲ್ಲಿ ಕಲಸಿ ತಿನ್ನುತ್ತಿದ್ದರು. ಹಾಲು, ಮೊಸರು ಬಿಟ್ಟರು. ವ್ರತ ಅಂದರು. ಎಮ್ಮೆಯ ಗಟ್ಟಿ ಮೊಸರಿಲ್ಲದೆ ಊಟ ಮುಗಿಸದ ಹೆಂಗಸು ಮೊಸರು ಬಿಟ್ಟದ್ದು ನೋಡಿ ಎಂಥ ಭಕ್ತಿ ಎಂದು ನಾನು ಬೆರಗಾಗಿದ್ದೆ.

ಕೆಲವೇ ದಿನಗಳಲ್ಲಿ ಅತ್ತೆ ಮತ್ತೆ ರೊಟ್ಟಿ ಬಡಿಯತೊಡಗಿದರು. ಹಂಪಿಗೆ ಬೀಗರನ್ನು ಕರೆದುಕೊಂಡು ಹೋದಾಗ ಹೊಳೆಯತನಕ ನಡೆದು, ಹಿಂದುಳಿದ ನನ್ನನ್ನೇ ಛೇಡಿಸಿದರು. "ನಡಿಯವ್ವ ಕಾನ್ವೆಂಟಿನಾಕಿ. ಕಾಲು ಬ್ಯಾಗಿನಾಗ ಇಟಗೊಂಡು ಬಂದೀಯೇನು?" ಮೈಕೈ ತುಂಬಿಕೊಂಡಿತು. ಮುಖ ದುಂಡಗಾಗಿ ಕೆನ್ನೆ ಕೆಂಪಾದವು. ನೋಡಿದವರೆಲ್ಲ "ಮುಖದಾಗ ಕಳೆ ಬಂದೈತಿ" ಅಂದರು. ನಾನೂ ಅಂದೆ.

ಆಪರೇಷನ್ ಮಾಡಿ ಸೊಂಟಕ್ಕೆ ಲೋಹದ ಗುಂಡು ಕೂರಿಸಬೇಕು ಅಂದರು. ಅಲ್ಲಿಯವರೆಗೆ ಕಾಲಿಗೆ ಪಟ್ಟಿ ಸುತ್ತಿ ಮಂಚದ ತುದಿಗೆ ತೂಕ ತೂಗುಬಿಟ್ಟರು. ಅರಿವಳಿಕೆಗೆ ಮೊದಲು ಪ್ರಶ್ನೆಗಳ ಸರದಿ. ಸಕ್ಕರೆ ಕಾಯಿಲೆ ಇದೆಯಾ? ಇಲ್ಲ. ಯಾವ ಔಷಧಿ ತಗೋತಾರೆ? ಬಿಪಿ ಗುಳಿಗೆ ಒಂದೇ. ಬೇರೆ ಏನಾದರೂ, ನಾಟಿ ಔಷಧಿ? ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಇಲ್ಲ ಅಂದೆ. ಪ್ರಸಾದವನ್ನು ಯಾರು ಔಷಧಿ ಎಂದು ಎಣಿಸುತ್ತಾರೆ? ಆಸ್ಪತ್ರೆಯಲ್ಲಿ ಸ್ನಾನವಿಲ್ಲ, ಮಡಿಯಿಲ್ಲ, ಹಾಗಾಗಿ ಅತ್ತೆ ಅದನ್ನು ಕೇಳಲೂ ಇಲ್ಲ.

ನನ್ನ ಕೆಲಸ ಅಲ್ಲಿ ಶುರುವಾಯಿತು. ಬೆನ್ನಿಗೆ ಹುಣ್ಣಾಗದಂತೆ ಸೊಂಟದ ಕೆಳಗೆ ಕೈ ತೂರಿಸಿ ಗಾಳಿಯಾಡಿಸುವುದು, ಕಾಲು ಹೊರಳದಂತೆ ಬೆಡ್‌ಪ್ಯಾನ್ ಇಡುವುದು, ಹಿಮ್ಮಡಿಯ ಕೆಳಗೆ ಬಟ್ಟೆಯ ಸಿಂಬಿ ಇಡುವುದು. ಹಾಗೆ ಮಾಡುವಾಗ ಮೊದಲ ಸಲ ಅತ್ತೆಯ ಮೈಯನ್ನು ಹತ್ತಿರದಿಂದ ನೋಡಿದೆ. ತುಂಬಿದ್ದದ್ದು ಹೊಟ್ಟೆ ಮತ್ತು ಮುಖ ಮಾತ್ರ, ತೋಳು ತೊಡೆ ಬತ್ತಿಹೋಗಿದ್ದವು. ಬಳೆಗಳನ್ನು ಮೇಲೆ ಸರಿಸಿದರೆ ಅಡಿಯಲ್ಲಿ ನೇರಳೆ ಕಲೆಗಳು. ಸಲೈನಿನ ಅಂಟುಪಟ್ಟಿ ತೆಗೆಯುವಾಗ ಅದರ ಜೊತೆಗೆ ಚರ್ಮವೂ ಬೆಳ್ಳುಳ್ಳಿ ಸಿಪ್ಪೆಯಂತೆ ಎದ್ದು ಬಂತು. ನರ್ಸ್ ಗಾಬರಿಯಾದಳು. "ಅಮ್ಮಾ, ನಾನು ಮೆತ್ತಗೇ ಎಳೆದದ್ದು" ಎಂದು ಅಳುವಂತಾದಳು.

ಮರುದಿನ ಅತ್ತೆ ಮಂಕಾದರು. ಅನ್ನದ ಗಂಜಿ ವಾಂತಿಯಾಯಿತು. ಅದರ ಮಾರನೆಯ ದಿನ ಕರೆದರೆ ಕಣ್ಣು ತೆರೆದು, ಗುರುತು ಹಿಡಿದು, ಮತ್ತೆ ಮುಳುಗುತ್ತಿದ್ದರು. ಬಿಪಿ ಇಳಿಯಿತು. ಒಳಗೆ ರಕ್ತ ಸೋರುತ್ತಿದೆಯೇ ಎಂದು ಸ್ಕ್ಯಾನ್ ಮಾಡಿದರು, ಇಲ್ಲ. ಸೋಂಕಿರಬಹುದೆಂದು ಆ್ಯಂಟಿಬಯಾಟಿಕ್ ಹಾಕಿದರು, ಜ್ವರವೇ ಇರಲಿಲ್ಲ. ರಕ್ತದಲ್ಲಿ ಉಪ್ಪಿನಂಶ ಕಡಿಮೆಯಾಗಿತ್ತು, ಸಕ್ಕರೆಯೂ ಇಳಿದಿತ್ತು. ಬಾಟಲಿ ಮೇಲೆ ಬಾಟಲಿ ಸಲೈನ್ ಹೋದರೂ ಬಿಪಿ ಏರಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಮೂಳೆ ಡಾಕ್ಟರು ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು, ನೆಂಟರಿಗೆ ತಿಳಿಸುವುದಿದ್ದರೆ ತಿಳಿಸಿ ಅಂದರು. ಕಾಲು ಮುರಿದವರಿಗೆ ನೆಂಟರನ್ನು ಯಾಕೆ ಕರೆಸಬೇಕೆಂದು ತಕ್ಷಣ ನನಗೆ ಹೊಳೆಯಲಿಲ್ಲ. ನಮ್ಮ ಮನೆಯವರು ಗೋಡೆಗೆ ಒರಗಿ ಕೂತುಬಿಟ್ಟಾಗ ಹೊಳೆಯಿತು.

ಮಧ್ಯಾಹ್ನ ಕಂಪ್ಲಿಯಿಂದ ಚಿಕ್ಕತ್ತೆ ಬಂದರು, ಅತ್ತೆಯ ಆ ತಂಗಿ. ಅಳಲಿಲ್ಲ. ಅಕ್ಕನ ಕೆನ್ನೆ ತಟ್ಟಿ ನೋಡಿ, "ಯಾವಾಗಿಂದ ಹಿಂಗ ಮಕ್ಕೊಂಡಾಳ?" ಅಂದರು. ಹೇಳಿದೆ. "ನೀ ಹೋಗಿ ಒಂದೀಟು ಚಾ ಕುಡದು ಬಾ. ನಾ ಕುಂದರ್ತೀನಿ."

ಮೆಟ್ಟಿಲ ತನಕ ಹೋದವಳಿಗೆ ಥರ್ಮಾಸ್ ಮರೆತದ್ದು ನೆನಪಾಗಿ ತಿರುಗಿ ಬಂದೆ. ಚಿಕ್ಕತ್ತೆ ಸೊಂಟದ ಚೀಲದಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿ, ಚಮಚದ ನೀರಲ್ಲಿ ಬೂದು ಪುಡಿ ಕಲಸಿ ಅಕ್ಕನ ತುಟಿಗೆ ಹಿಡಿದಿದ್ದರು.

"ಬಾಯಿ ತಗಿ ಅಕ್ಕ, ಒಂದು ಗುಟುಕು."

"ಚಿಕ್ಕತ್ತಿ, ಏನ್ರಿ ಅದು?"

"ಪ್ರಸಾದವ್ವ. ನಿಮ್ಮತ್ತಿ ದಿನಾ ತಿನ್ನೋದ ಅಲ್ಲೇನು."

"ಹಂಗಾದ್ರ ನನಗೂ ಚೂರು ಕೊಡ್ರಿ" ಎಂದು ಕೈ ಒಡ್ಡಿದೆ. ನಿಜಕ್ಕೂ ಬೇಕೆನಿಸಿತ್ತು. ಆ ಹೊತ್ತಿಗೆ ಯಾವ ದೇವರಾದರೂ ಸರಿ ಅನ್ನುವ ಸ್ಥಿತಿ ನನ್ನದು.

ಚಿಕ್ಕತ್ತೆ ಪೊಟ್ಟಣ ಹಿಂದಕ್ಕೆ ಎಳೆದುಕೊಂಡರು. "ನಿನಗ್ಯಾಕ? ನಿನಗೇನು ಮೊಣಕಾಲು ನೋವೈತೇನು?"

ಪ್ರಸಾದ ತಿನ್ನಲು ಮೊಣಕಾಲು ಯಾಕೆ ನೋಯಬೇಕು? ನಾನು ಮಂಚದ ಕಬ್ಬಿಣ ಹಿಡಿದುಕೊಂಡೆ.

"ಇದು ಔಷಧೇನ್ರಿ?"

"ಜೋರಾಗಿ ಅನಬ್ಯಾಡ. ಹೆಸರು ಹೇಳಿದ್ರ ಗುಣ ಹೋಗತೈತಿ. ಪುಡಿ ಕೊಡಾಂವನ ಮುಂದ ವಿಭೂತಿ ಮುಟ್ಟಿ ಮಾತು ಕೊಟ್ಟೀವಿ, ಜೀಪಿನಾಗಿನ ಎಲ್ಲಾರೂ. ಇಂಗ್ಲಿಷ್ ಔಷಧದಾರ ಕಿವಿಗೆ ಬೀಳಬಾರದು, ಹಾಲು ಮೊಸರು ತಾಗಿಸಬಾರದು." ಆಮೇಲೆ ನನ್ನ ಕೈ ಹಿಡಿದು, "ನೋಡವ್ವ, ನಿಲ್ಲಿಸಿದ್ದಕ್ಕ ಹಿಂಗಾಗೇತಿ. ನಂದೂ ಒಂದು ಅಮಾವಾಸಿ ತಪ್ಪಿತ್ತು. ನಾನೂ ಹಿಂಗ ಮಕ್ಕೊಂಡಿದ್ದೆ. ಪುಡಿ ಒಳಗ ಬಿತ್ತು, ಎದ್ದು ಕುಂತೆ. ಬಿಡು, ಕೊಡ್ತೀನಿ" ಅಂದರು.

ಅತ್ತೆಗೆ ಎಲ್ಲಿಂದಲೋ ಕೇಳಿಸಿತ್ತು. ಕಣ್ಣು ಮುಚ್ಚಿಕೊಂಡೇ, "ಹೇಳಬ್ಯಾಡವ್ವ. ಮಾತು ಕೊಟ್ಟೀನಿ" ಅಂದರು. ಎರಡು ದಿನದಲ್ಲಿ ಅವರು ಆಡಿದ ಪೂರ್ತಿ ವಾಕ್ಯ ಅದೊಂದೇ.

ನಾನು ಯಾರ ಕೈಯಿಂದಲೂ ಏನನ್ನೂ ಕಸಿದುಕೊಂಡವಳಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡಲೂ ಬರುವುದಿಲ್ಲ. ಚಿಕ್ಕತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೊಟ್ಟಣ ತೆಗೆದುಕೊಂಡೆ. "ಸಾರಿ ಚಿಕ್ಕತ್ತಿ" ಅಂದೆ, ಓಡಿದೆ.

ಪಕ್ಕದ ವಾರ್ಡಿನಲ್ಲಿ ಫಿಜಿಷಿಯನ್ ಡಾಕ್ಟರ್ ಮೇಡಂ ಬೇರೆ ರೋಗಿಯ ಮುಂದೆ ಇದ್ದರು. ಪುಡಿ ನೋಡಿ, ಮೂಸಿ, ಬಂದು ಅತ್ತೆಯ ಮುಖವನ್ನು ಬೆಳಕಿಗೆ ತಿರುಗಿಸಿದರು. ಬಳೆ ಸರಿಸಿದರು. ಹೊಟ್ಟೆಯ ಮೇಲಿನ ನೇರಳೆ ಗೀರು ನೋಡಿದರು. "ಈ ಮುಖ ಮೊದಲಿಂದ ಹೀಗೇ ಇತ್ತಾ?"

"ಇಲ್ರಿ ಮೇಡಂ. ಈಗೀಗ ಕಳೆ ಬಂದಿತ್ತು."

"ಕಳೆ ಅಲ್ಲಮ್ಮ ಇದು. ಸ್ಟೀರಾಯ್ಡ್."

ಮೊದಲು ಸಿರಿಂಜಿನಲ್ಲಿ ರಕ್ತ ತೆಗೆದರು, ಕೂಡಲೇ ನರಕ್ಕೆ ಇಂಜೆಕ್ಷನ್ ಕೊಡಿಸಿದರು. ವರದಿಗೆ ಕಾಯಲಿಲ್ಲ. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಗಿಡಮೂಲಿಕೆ ಅಂತ ಕೊಡುವ ಇಂಥ ಪುಡಿಗಳಲ್ಲಿ ಕೆಲವರು ಸ್ಟೀರಾಯ್ಡ್ ಗುಳಿಗೆ ಅರೆದು ಬೆರೆಸುತ್ತಾರೆ. ಊತ ಇಳಿಯುತ್ತದೆ, ನೋವು ಮಾಯವಾಗುತ್ತದೆ, ಜೊತೆಗೆ ಒಳಗೊಳಗೇ ಮೂಳೆಯನ್ನು ತಿನ್ನುತ್ತದೆ. ಸಾಲದ್ದಕ್ಕೆ ಹಾಲು ಮೊಸರು ಬಿಡಿಸಿದ್ದಾರೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಸಣ್ಣ ಗ್ರಂಥಿ ಇದೇ ಬಗೆಯ ರಸವನ್ನು ತಾನೇ ತಯಾರಿಸಬೇಕು. "ಹೊರಗಿಂದ ದಿನಾ ಡಬ್ಬಿ ಊಟ ಬಂದರೆ ಮನೆ ಒಲೆ ಹಚ್ಚೋದನ್ನೇ ಬಿಡ್ತೀವಲ್ಲ, ಹಾಗೆ. ಡಬ್ಬಿ ಒಮ್ಮೆಲೆ ನಿಂತರೆ ಉಪವಾಸ. ಇವರು ಉಪವಾಸ ಬಿದ್ದಿದ್ದಾರೆ. ಒಲೆ ಮತ್ತೆ ಹೊತ್ತುವ ತನಕ ನಾವೇ ಅಳೆದು ಕೊಟ್ಟು, ಸ್ವಲ್ಪ ಸ್ವಲ್ಪವೇ ಇಳಿಸಬೇಕು."

"ಹಂಗಾದ್ರ ಚಿಕ್ಕತ್ತಿ ಕೊಡಾಕ ಬಂದಿದ್ದು..."

"ಅದರಿಂದ ಕಣ್ಣು ಬಿಡ್ತಿದ್ದರೋ ಏನೋ. ನಮಗೆ ಮಾತ್ರ ಗೊತ್ತೇ ಆಗ್ತಿರಲಿಲ್ಲ. ಆಪರೇಷನ್ ಟೇಬಲ್ ಮೇಲೆ ಗೊತ್ತಾಗೋದು."

ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ನಾಟಿ ಔಷಧಿ ಇಲ್ಲ ಅಂದವಳು ನಾನೇ.

ಸಂಜೆಗೆ ಬಿಪಿ ಏರಿತು. ಅತ್ತೆ ಕಣ್ಣು ತೆರೆದು ಸುತ್ತ ನೋಡಿ, "ಎಮ್ಮಿ ಹಾಲಿನಾಂವಗ ಬ್ಯಾಡ ಅಂದೀಯೇನು? ಸುಮ್ಮನ ಒಡದು ಹೋಗತಾವ" ಅಂದರು. ನಮ್ಮ ಮನೆಯವರು ವಾರ್ಡಿನ ಹೊರಗೆ ಹೋಗಿ ಬಂದರು, ಕಣ್ಣು ಕೆಂಪಾಗಿತ್ತು. ಚಿಕ್ಕತ್ತೆ ಅಷ್ಟರಲ್ಲಿ ನಮಗೆ ಹೇಳದೆ ಬಸ್ಸು ಹತ್ತಿದ್ದರು. ಮಾತು ಮುರಿಸಿದ ಸೊಸೆಯ ಮುಖ ನೋಡಲಾರೆನೆಂದು ಅತ್ತೆಯ ಕಿವಿಯಲ್ಲಿ ಹೇಳಿ ಹೋದರಂತೆ.

ನಮ್ಮ ಮನೆಯವರು ಚಿಕ್ಕತ್ತೆಗೆ ಫೋನ್ ಹಚ್ಚಿದರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ಚಿಗವ್ವಾ, ಅದು ವಿಷ. ಮನ್ಯಾಗ ಎಷ್ಟೈತೋ ಅಷ್ಟನ್ನೂ ಕಾಲುವಿಗೆ ಚೆಲ್ಲು. ಇನ್ನೊಮ್ಮೆ ಮುಟ್ಟಿದಿ ಅಂದ್ರ ನನ್ನ ಹೆಣ ನೋಡಿದಂಗ." ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಒಮ್ಮೆಲೆ ನಿಲ್ಲಿಸಬಾರದೆಂದು ಮೇಡಂ ಹೇಳಿದ್ದು ಅತ್ತೆಯ ಬಗ್ಗೆ. ವಿಷ ಅಂದ ಮೇಲೆ ಚೆಲ್ಲುವುದು ಸರಿಯಲ್ಲವೇ? ಇಬ್ಬರಿಗೂ ಅಷ್ಟೇ ತಿಳಿದದ್ದು.

ಆಪರೇಷನ್ ಆಯಿತು. ಆ ದಿನ ಸ್ಟೀರಾಯ್ಡನ್ನು ಹೆಚ್ಚಿಸಿ ಕೊಟ್ಟರು, ಆಮೇಲೆ ಲೆಕ್ಕ ಹಿಡಿದು ಇಳಿಸತೊಡಗಿದರು. ಅತ್ತೆಯನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ನನಗೆ ಹೊಸ ಪಾಠಗಳು: ಕಾಲ ಮೇಲೆ ಕಾಲು ಹಾಕಿ ಮಲಗಿಸಬಾರದು, ನೆಲದ ಮೇಲೆ ಕೂರಿಸಬಾರದು, ಕಮೋಡಿನ ಮೇಲೆ ಎತ್ತರದ ಪೀಠ ಇಡಬೇಕು. ಬೆಳಗಿನ ಗುಳಿಗೆಯನ್ನು ತಿಂಡಿಯ ಜೊತೆಗೇ ಕೊಡಬೇಕು, ಒಂದು ದಿನವೂ ತಪ್ಪಬಾರದು. ಫಿಸಿಯೋಥೆರಪಿಯ ಹುಡುಗಿ ಎಣಿಸುತ್ತಾ ನಿಂತಾಗ ಕಂಪ್ಲಿಯಿಂದ ಫೋನ್ ಬಂತು. ಚಿಕ್ಕತ್ತೆಯ ಸೊಸೆ.

"ಅಕ್ಕಾರ, ನಮ್ಮ ಅತ್ತಿ ನಿನ್ನಿಯಿಂದ ಏಳವಲ್ರು. ಉಂಡಿದ್ದೆಲ್ಲ ಕಕ್ಕಾಕ ಹತ್ಯಾರ. ಬಿಸಿಲಿಗೆ ಹಂಗಾಗೇತೇನೋ ಅಂತ ನಿಂಬಿಹಣ್ಣಿನ ಶರಬತ್ತು ಕೊಟ್ಟೀನಿ."

"ಪುಡಿ ಚೆಲ್ಯಾರೇನು?"

"ಅವತ್ತ ಚೆಲ್ಯಾರ. ನಿಮ್ಮ ಮನಿಯವ್ರು ಫೋನಿನ್ಯಾಗ ಹೇಳಿದ್ರಲ್ಲ."

ಮೇಡಂ ಹೇಳಿದ ಒಲೆ, ಡಬ್ಬಿ, ಉಪವಾಸ ಎಲ್ಲ ಆಗ ಒಟ್ಟಿಗೆ ಅರ್ಥವಾಯಿತು. ಚೆಲ್ಲಿಸಿದವರು ನಾವು.

"ಕೇಳವ್ವ. ಶರಬತ್ತು ಬಿಡು. ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗು. ಹೋದ ಕೂಡಲೆ ಇಷ್ಟ ಹೇಳು: ಭಾಳ ದಿನದಿಂದ ಸ್ಟೀರಾಯ್ಡ್ ಇರೋ ಪುಡಿ ತಗೋತಿದ್ರು, ಒಮ್ಮೆಲೆ ನಿಲ್ಲಿಸ್ಯಾರ. ಹೇಳು ನೋಡೂಣು."

ಹೇಳಿದಳು. 'ಒಮ್ಮೆಲೆ ನಿಲ್ಲಿಸ್ಯಾರ' ಬಿಟ್ಟಳು. ಮತ್ತೆ ಹೇಳಿಸಿದೆ. ಶಾಲೆಯಲ್ಲಿ ಪದ್ಯ ಒಪ್ಪಿಸಿಕೊಂಡಂತೆ, ಅಕ್ಷರ ತಪ್ಪದೆ ಬರುವ ತನಕ ಹೇಳಿಸಿದೆ. ದವಾಖಾನೆ ಮುಟ್ಟಿ ಅವಳು ಮತ್ತೆ ಫೋನ್ ಮಾಡಿದಾಗ ಅದನ್ನು ಮೇಡಂ ಕೈಗೆ ಕೊಟ್ಟೆ. ಅವರೇ ಅಲ್ಲಿನ ಡಾಕ್ಟರ ಜೊತೆ ಮಾತಾಡಿದರು. ಕಂಪ್ಲಿಯಲ್ಲಿ ಇಂಜೆಕ್ಷನ್ ಬಿತ್ತು. ಸಂಜೆ ಆಂಬುಲೆನ್ಸಿನಲ್ಲಿ ಚಿಕ್ಕತ್ತೆಯನ್ನು ಹೊಸಪೇಟೆಗೆ ತಂದರು. ನಮ್ಮ ಮನೆಯವರು ಸ್ಟ್ರೆಚರಿನ ಪಕ್ಕ ನಡೆಯುತ್ತಾ ಚಿಗವ್ವನ ಪಾದ ಹಿಡಿದುಕೊಂಡೇ ಇದ್ದರು.

ಅಕ್ಕತಂಗಿಯರದು ಒಂದೇ ಕೋಣೆಯಾಯಿತು. ಎಚ್ಚರವಾದ ಚಿಕ್ಕತ್ತೆ ನನ್ನನ್ನು ನೋಡಿ ಮುಖ ತಿರುಗಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಈಚೆ ತಿರುಗಿದರು. "ಒಬ್ಬಾಕಿ ಕಸಗೊಂಡು ಓಡ್ತಾಳ, ಒಬ್ಬಾಂವ ಚೆಲ್ಲು ಅಂತಾನ. ಗಂಡ ಹೆಂಡ್ತಿ ಕೂಡಿ ನನ್ನ ಕಳಸಾಕ ನಿಂತೀರಿ."

"ತಪ್ಪಾತ್ರಿ ಚಿಕ್ಕತ್ತಿ."

"ಆ ಸಾರಿ ಅನ್ನು ಇನ್ನೊಮ್ಮೆ. ಚಲೋ ಅಂತಿ."

ಅವರ ಮೂಳೆಯನ್ನೂ ಪರೀಕ್ಷೆ ಮಾಡಿದರು. ಅಕ್ಕನದಕ್ಕಿಂತ ಹೆಚ್ಚು ಸವೆದಿತ್ತು. ಇವರದೂ ಮುರಿಯಲು ಒಮ್ಮೆ ತಿರುಗಿದ್ದರೆ ಸಾಕಿತ್ತು, ಅಂದರು ಮೂಳೆ ಡಾಕ್ಟರು.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಜೀಪಿನಲ್ಲಿ ಇನ್ನೂ ಯಾರು ಯಾರು ಇದ್ದರು? ಚಿಕ್ಕತ್ತೆ ಬಾಯಿ ಬಿಗಿದರು. ಬೇರೆಯವರ ಮನೆಯ ಹೆಣ್ಣುಮಕ್ಕಳ ಹೆಸರು ತಾನು ಹೇಳುವುದಿಲ್ಲ, ಮಾತು ಕೊಟ್ಟಾಗಿದೆ. ಮುಂದಿನ ಅಮಾವಾಸ್ಯೆ ಹತ್ತಿರವಿತ್ತು. ಅಕ್ಕತಂಗಿಯರು ಆಸ್ಪತ್ರೆ ಸೇರಿದ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಅದನ್ನು ಕೇಳಿ ಹೆದರಿ ಎಷ್ಟು ಜನ ತಮ್ಮ ಪುಡಿಯನ್ನು ಬಚ್ಚಲಿಗೆ ಸುರಿಯುತ್ತಿದ್ದಾರೋ ಎಂದು ನನಗೆ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಪುಡಿ ಕೊಟ್ಟವನ ಮೇಲೆ ದೂರು ಕೊಡುತ್ತೇನೆಂದು ನಮ್ಮ ಮನೆಯವರು ಓಡಾಡುತ್ತಿದ್ದರು, ಕೊಟ್ಟರು ಕೂಡ. ಅದು ನಡೆಯುವಾಗ ನಡೆಯಲಿ. ಅಷ್ಟರೊಳಗೆ ಇನ್ನೊಂದು ಅಡುಗೆಮನೆಯಲ್ಲಿ ಇನ್ನೊಬ್ಬರು ಏಳಲಾರದೆ ಮಲಗಿದರೆ?

ಅತ್ತೆ ಇದನ್ನೆಲ್ಲ ಕೇಳುತ್ತಾ ಮಲಗಿದ್ದರು. ಸ್ಟೀರಾಯ್ಡ್ ಇಳಿಸಿದಂತೆ ಅವರ ಬೆರಳಿನ ಗಂಟುಗಳು ಮತ್ತೆ ಊದಿದ್ದವು. ಸಂಧಿವಾತಕ್ಕೆ ಸರಿಯಾದ ಗುಳಿಗೆ ಶುರುವಾಗಿತ್ತು, ಆದರೆ ಅದು ನಿಧಾನವಾಗಿ ಹಿಡಿಯುವಂಥದ್ದು. ಬೆಳಗಿನ ಹೊತ್ತು ಹಲ್ಲು ಕಚ್ಚಿ ಅಳುತ್ತಿದ್ದರು. ಒಂದು ಚಿಟಿಕೆ ಪುಡಿ ಇದ್ದರೆ ಕೊಡು ಎಂದು ನನ್ನನ್ನು ಬೇಡಿದ್ದೂ ಉಂಟು. ಆ ನೋವಿನಲ್ಲೇ ಒಂದು ಬೆಳಗ್ಗೆ ನನ್ನ ಫೋನಿಗೆ ಕೈ ಚಾಚಿದರು.

"ನಂಬರ್ ಹೇಳ್ತೀನಿ, ಒತ್ತು. ಈ ಬೆರಳಿಗೆ ಆಗೂದಿಲ್ಲ. ಎಲ್ಲಾರಿಗೂ ಕೇಳೂ ಹಂಗ ಇಡು."

"ಅಕ್ಕಾ, ವಿಭೂತಿ ಮುಟ್ಟೀವಿ" ಅಂದರು ಚಿಕ್ಕತ್ತೆ.

"ಮುಟ್ಟಿದಾಕಿ ನಾನು. ನಾನ ಹೇಳ್ಕೊಂತೀನಿ ದೇವರಿಗೆ."

ಆ ಕಡೆ ಫೋನ್ ಎತ್ತಿದ ಹೆಂಗಸು ಕುಶಲ ಕೇಳಿದಳು, ಆಸ್ಪತ್ರೆಯ ಊಟ ಕೇಳಿದಳು. ಅತ್ತೆ ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು, "ಪುಡಿ ಚೆಲ್ಲಬ್ಯಾಡ. ಒಮ್ಮೆಲೆ ನಿಲ್ಲಿಸಲೂ ಬ್ಯಾಡ. ಪೊಟ್ಟಣ ಕೈಯಾಗ ಹಿಡಕೊಂಡು ನಾಳೆ ಇಲ್ಲಿಗೆ ಬಾ, ಡಾಕ್ಟರಿಗೆ ತೋರ್ಸು" ಅಂದರು.

"ಯಾವ ಪುಡಿ? ನಾ ಯಾವ ಪುಡಿನೂ ತಗೊಳ್ಳಂಗಿಲ್ಲ."

"ಜೀಪಿನಾಗ ನನ್ನ ತೊಡಿ ಮ್ಯಾಲ ಕುಂತು ಬಂದೀಯಲ್ಲಲೇ. ಇನ್ನೂ ಜುಮುಜುಮು ಅಂತೈತಿ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಡಾಕ್ಟರ್ ಬೈತಾರೇನು?"

"ಬೈತಾರ. ಬೈಸ್ಕೊಳ್ಳಾಕ ನೀ ಇರಬೇಕಲ್ಲ. ಬಾ."

ನಾನು ಫೋನ್ ಇಟ್ಟೆ. ಅತ್ತೆ ಬಾಗಿದ ಬೆರಳಿನಿಂದ ಕಣ್ಣೊರೆಸಿಕೊಂಡು, ಮುಂದಿನ ನಂಬರ್ ಹೇಳತೊಡಗಿದರು. ನಡುವೆ ಒಂದು ಅಂಕಿ ಅವರಿಗೆ ನೆನಪಾಗಲಿಲ್ಲ. ಪಕ್ಕದ ಮಂಚದಿಂದ ಚಿಕ್ಕತ್ತೆ ಅದನ್ನು ಹೇಳಿದರು.